ಕಂಬದ ಮೇಲಿನ ಹೆಸರುಗಳು

ಭೀಮಾ ದಂಡೆಯ ಕೋರೆಗಾಂವ್ ಕಂಬ ನಿಲ್ಲಿಸಿದ್ದು ಕಂಪನಿ ಸರ್ಕಾರ. 1818ರ ಜನವರಿ 1ರಂದು ಪೇಶ್ವೆಯ ಸೈನ್ಯವನ್ನು ಎದುರಿಸಿ ನಿಂತದ್ದರ ಗುರುತಿಗೆ. ಅದರ ಮೇಲಿನ 49 ಹೆಸರುಗಳಲ್ಲಿ 'ನಾಕ' ಎಂದು ಮುಗಿಯುವ 22, ಮಹಾರ್ ಸಿಪಾಯಿಗಳವು. ಅದೇ ಬ್ರಿಟಿಷರು 1890ರ ದಶಕದಲ್ಲಿ ಮಹಾರರಿಗೆ ಸೈನ್ಯದ ಬಾಗಿಲು ಮುಚ್ಚಿದರು. ಇವರು ವೀರ ಕುಲದವರಲ್ಲವಂತೆ!

ಸುಬೇದಾರ ರಾಮಜಿಯವರ ಮಗ ಅಂಬೇಡ್ಕರ್ 1927ರ ಜನವರಿ 1ರಂದು ಅಲ್ಲಿಗೆ ಹೋದ ಮೇಲೆ ಕಂಬದ ಅರ್ಥವೇ ಬದಲಾಯಿತು. 1941ರಲ್ಲಿ ನಮ್ಮ ಬೆಳಗಾವಿಯಲ್ಲೇ ಮಹಾರ್ ರೆಜಿಮೆಂಟಿನ ಮೊದಲ ಪಡೆ ಕಟ್ಟಿದರು. ರೆಜಿಮೆಂಟಿನ ಲಾಂಛನಕ್ಕೂ ಇದೇ ಕಂಬ ಬಂತು.

ಪರಕೀಯರ ಪರ ಕಾದಿದವರನ್ನು ಯಾಕೆ ನೆನೀಬೇಕು ಅಂತ ಕೇಳ್ತಾರೆ. 1927ರ ಮಾರ್ಚಿನಲ್ಲಿ ಮಹಾಡದ ಕೆರೆ ನೀರು ಮುಟ್ಟಿದ್ದಕ್ಕೆ ಹೊಡೆದವರು ಪರಕೀಯರೇನಲ್ಲವಲ್ಲ. ಕಂಪನಿಯ ಜಯ ಕಂಪನಿಗಿರಲಿ. ಆ 22 ಹೆಸರು ನನ್ನವು.