ಜಿನೀವಾದ ತಗಾದೆ, ಭೀಮಸಮುದ್ರದ ಧಾರಣೆ

ರಾಮಗಿರಿ, ಹೊಳಲ್ಕೆರೆ, ಹೊಸದುರ್ಗದ ತೋಟಗಳ ಅಡಿಕೆ ಸುಲಿದು, ಬೇಯಿಸಿ, ಒಣಗಿಸಿದ ಮೇಲೆ ಭೀಮಸಮುದ್ರದ ಮಂಡಿಗೆ ಬರುತ್ತದೆ. ಅಲ್ಲಿ ರಾಶಿ, ಬೆಟ್ಟೆ, ಅಪಿ, ಕೆಂಪುಗೋಟು ಎಂದು ವಿಂಗಡಿಸಿ ಕ್ವಿಂಟಲ್‌ಗೆ ಕಟ್ಟುವ ಧಾರಣೆಗೂ ದೇಶದೇಶಗಳ ವ್ಯಾಪಾರ ತಗಾದೆ ಬಗೆಹರಿಯುವ ರೀತಿಗೂ ನೇರ ನಂಟಿದೆ. 1948ರಲ್ಲಿ ಜಾರಿಗೆ ಬಂದ, ಸುಂಕ ಮತ್ತು ವ್ಯಾಪಾರದ ಗ್ಯಾಟ್ ಒಪ್ಪಂದದ 23 ಮೂಲ ದೇಶಗಳಲ್ಲಿ ಭಾರತವೂ ಒಂದು. ಆಗ ವ್ಯಾಜ್ಯ ವಿಚಾರಿಸಿದ ಪಂಚರ ವರದಿ ಜಾರಿಯಾಗಲು ಸರ್ವಾನುಮತ ಬೇಕಿತ್ತು. ಅಂದರೆ ಸೋತ ದೇಶವೇ ಅಡ್ಡಗಾಲು ಹಾಕಬಹುದಿತ್ತು. 1995ರಲ್ಲಿ ಬಂದ ಜಿನೀವಾದ ವಿಶ್ವ ವ್ಯಾಪಾರ ಸಂಸ್ಥೆ ಇದನ್ನು ತಲೆಕೆಳಗು ಮಾಡಿತು. 60 ದಿನ ಮಾತುಕತೆ, ಆಮೇಲೆ ಪಂಚರ ಪ್ಯಾನೆಲ್, ಅದರ ಮೇಲೆ ಏಳು ಸದಸ್ಯರ ಮೇಲ್ಮನವಿ ಮಂಡಳಿ. ವರದಿಯನ್ನು ತಳ್ಳಿಹಾಕಲು ಈಗ ಸರ್ವಾನುಮತ ಬೇಕು.

ಈ ಹೊಸ ವ್ಯವಸ್ಥೆಯ ಪೆಟ್ಟು ನಮಗೆ ಬೇಗನೆ ಬಿತ್ತು. ವಿದೇಶಿ ವಿನಿಮಯದ ಕೊರತೆಯ ಕಾರಣ ಹೇಳಿ ಭಾರತ 2,714 ಬಗೆಯ ಸರಕುಗಳ ಆಮದಿಗೆ ಹಾಕಿದ್ದ ಪರಿಮಾಣ ನಿರ್ಬಂಧವನ್ನು ಅಮೆರಿಕ 1997ರಲ್ಲಿ ಪ್ರಶ್ನಿಸಿತು. ವಿನಿಮಯ ಸಂಗ್ರಹ ಸಾಕಷ್ಟಿದೆ ಎಂಬ ಅಂತರರಾಷ್ಟ್ರೀಯ ಹಣಕಾಸು ನಿಧಿಯ (ಐಎಂಎಫ್) ಅಭಿಪ್ರಾಯವನ್ನು ಪ್ಯಾನೆಲ್ ಒಪ್ಪಿತು. 1999ರ ಆಗಸ್ಟ್‌ನಲ್ಲಿ ಮೇಲ್ಮನವಿಯಲ್ಲೂ ಭಾರತ ಸೋತಿತು. 2001ರ ಏಪ್ರಿಲ್ 1ಕ್ಕೆ ಕೊನೆಯ ಕಂತಿನ ನಿರ್ಬಂಧಗಳೂ ಹೋದವು. ಬಲಿಷ್ಠರ ಕೋರ್ಟು ರೈತನ ಬೇಲಿ ಕಿತ್ತಿತು ಎಂಬ ದೂರು ಆಗಿನಿಂದಲೂ ಇದೆ. ಬೇಲಿ ಹೋದದ್ದು ನಿಜ, ಆದರೆ ಸುಂಕ ಹಾಕುವ ಹಕ್ಕು ಹೋಗಲಿಲ್ಲ: ಅಡಿಕೆಯ ಮೇಲೆ ಶೇ. 100ರ ಸುಂಕ ಉಳಿಯಿತು. 1997ರಲ್ಲೇ ಉಣ್ಣೆ ಅಂಗಿಗಳ ಪ್ರಕರಣದಲ್ಲಿ ಅಮೆರಿಕದ ವಿರುದ್ಧ ಭಾರತ ಗೆದ್ದದ್ದೂ ಇದೇ ಪೀಠದಲ್ಲಿ. ತೀರ್ಪು ಜಾರಿ ಮಾಡಲು ಪೊಲೀಸರಿಲ್ಲ, ಇರುವುದು ಪ್ರತೀಕಾರದ ಸುಂಕವೊಂದೇ, ಅದು ಪುಟ್ಟ ದೇಶದ ಕೈಗೆ ಒದಗದು ಎಂಬ ಆಕ್ಷೇಪ ಮಾತ್ರ ಗಟ್ಟಿಯಾದದ್ದು. ಆನ್‌ಲೈನ್ ಜೂಜಿನ ವ್ಯಾಜ್ಯವನ್ನು ಅಮೆರಿಕದ ವಿರುದ್ಧ ಗೆದ್ದ ಪುಟ್ಟ ದೇಶ ಆಂಟಿಗುವಾಕ್ಕೆ ಆದದ್ದೂ ಅದೇ.

ಹಾಗಾದರೆ ಪೀಠವೇ ಇಲ್ಲದಿದ್ದರೆ ನಮಗೆ ಒಳಿತೇ? ಅಮೆರಿಕ ನೇಮಕಾತಿಗೆ ತಡೆಯೊಡ್ಡಿದ್ದರಿಂದ 2019ರ ಡಿಸೆಂಬರ್‌ನಲ್ಲಿ ಮೇಲ್ಮನವಿ ಮಂಡಳಿ ನಿಂತುಹೋಯಿತು. ಸಕ್ಕರೆ ಸಬ್ಸಿಡಿ ಪ್ರಕರಣದಲ್ಲಿ ಸೋತ ಭಾರತ 2021ರ ಡಿಸೆಂಬರಿನಲ್ಲಿ ಆ ಖಾಲಿ ಪೀಠಕ್ಕೇ ಮೇಲ್ಮನವಿ ಹಾಕಿತು. ಮೇಲ್ಮನವಿ ವಿಚಾರಿಸುವವರಿಲ್ಲದೆ ತೀರ್ಪು ಅಲ್ಲೇ ನೇತಾಡುತ್ತಿದೆ. ಕಬ್ಬಿನವರಿಗೆ ಇದು ಬಿಡುವು. ಅಡಿಕೆಯವರಿಗೂ ಹಾಗೆಯೇ: 1998ರ ಶ್ರೀಲಂಕಾ ಮುಕ್ತ ವ್ಯಾಪಾರ ಒಪ್ಪಂದದಂಥ ಹಾದಿಗಳಲ್ಲಿ ಸುಂಕ ತಗ್ಗುವುದರಿಂದ ಸರ್ಕಾರ ಕನಿಷ್ಠ ಆಮದು ಬೆಲೆ ಕಟ್ಟಿದೆ, 2023ರಿಂದ ಅದು ಕಿಲೋಗೆ 351 ರೂ. ಟೊಮೆಟೊ ಪೇಸ್ಟ್ ಮೇಲೆ ಯುರೋಪು ಹೇರಿದ್ದ ಇಂಥದೇ ಕ್ರಮ ನಿಯಮಬಾಹಿರವೆಂದು ಗ್ಯಾಟ್ ಪಂಚರು 1978ರಲ್ಲೇ ಹೇಳಿದ್ದರು; ಪೀಠ ಗಟ್ಟಿಯಿದ್ದರೆ ನಮ್ಮ ಕನಿಷ್ಠ ಬೆಲೆ ಉಳಿಯುವುದೂ ಕಷ್ಟವಿತ್ತು. ಆದರೆ ಪೀಠ ಮಂಕಾದಾಗ ಉಳಿಯುವುದು ಕೊಡು-ಕೊಳ್ಳುವ ಚೌಕಾಸಿ. 2023ರಲ್ಲಿ ಭಾರತ ಮತ್ತು ಅಮೆರಿಕ ಏಳು ವ್ಯಾಜ್ಯಗಳನ್ನು ಹೀಗೆಯೇ ಮುಗಿಸಿದವು. ಅಮೆರಿಕದ ಸೇಬು, ಬಾದಾಮಿಯ ಜೊತೆ ಕಡಲೆಯ ಹೆಚ್ಚುವರಿ ಸುಂಕವೂ ಇಳಿಯಿತು, ಕಡಲೆ ಬೆಳೆಯುವವರನ್ನು ಕೂರಿಸಿಕೊಂಡು ಮಾತಾಡಿದ ಚೌಕಾಸಿ ಅದಲ್ಲ. 2022ರಲ್ಲಿ ಭೂತಾನಿನ 17,000 ಟನ್ ಹಸಿ ಅಡಿಕೆಗೆ ಕನಿಷ್ಠ ಬೆಲೆಯ ವಿನಾಯಿತಿ ಸಿಕ್ಕದ್ದೂ ಸರ್ಕಾರದ ಒಂದು ಅಧಿಸೂಚನೆಯಿಂದ. ಪ್ಯಾನೆಲ್ ಮುಂದಾದರೆ ವಾದ, ಪುರಾವೆ, ಲಿಖಿತ ಕಾರಣ ಇರುತ್ತವೆ; ಅಧಿಸೂಚನೆಗೆ ಅದಾವುದೂ ಬೇಕಿಲ್ಲ.