ವಿಸ್ತರಣಾ ಪ್ಯಾಕ್ (ತಂತ್ರಗಾರಿಕೆಯ ವಿಡಿಯೋ ಗೇಮ್‌ಗಳು)

ವಿಸ್ತರಣಾ ಪ್ಯಾಕ್ ಅಥವಾ ಎಕ್ಸ್‌ಪಾನ್ಷನ್ ಎಂದರೆ ಈಗಾಗಲೇ ಬಿಡುಗಡೆಯಾಗಿರುವ ವಿಡಿಯೋ ಗೇಮ್‌ಗೆ ಪ್ರತ್ಯೇಕ ಬೆಲೆಯಲ್ಲಿ ಮಾರಲಾಗುವ ಹೆಚ್ಚುವರಿ ಭಾಗ. ಇದನ್ನು ಬಳಸಬೇಕಾದರೆ ಸಾಮಾನ್ಯವಾಗಿ ಮೂಲ ಆಟವು ಆಟಗಾರನ ಬಳಿ ಇರಲೇಬೇಕು. ಹೊಸ ರಾಜ್ಯಗಳು, ಸೈನ್ಯಗಳು, ಭೂಪಟಗಳು, ಕಥಾಪ್ರಸಂಗಗಳು ಹಾಗೂ ಹೊಸ ನಿಯಮಗಳು ಇದರಲ್ಲಿ ಅಡಕವಾಗಿರುತ್ತವೆ. ಅಂತರ್ಜಾಲದ ಮೂಲಕ ದೊರೆಯುವ ಇಂತಹ ಎಲ್ಲ ಹೆಚ್ಚುವರಿ ಸಾಮಗ್ರಿಗೂ ಡಿಎಲ್‌ಸಿ ಎಂಬ ಸಾಮಾನ್ಯ ಹೆಸರಿದೆ. ಆದರೆ ಸೈನಿಕರ ಉಡುಪಿನ ಬಣ್ಣ ಬದಲಿಸುವ ಅಥವಾ ಹಿನ್ನೆಲೆ ಸಂಗೀತ ಸೇರಿಸುವ ಸಣ್ಣ ಸಾಮಗ್ರಿಯನ್ನು ಯಾರೂ ವಿಸ್ತರಣೆ ಎನ್ನುವುದಿಲ್ಲ. ಆಟ ಆಡುವ ರೀತಿಯೇ ಗಮನಾರ್ಹವಾಗಿ ಬದಲಾದಾಗ ಮಾತ್ರ ಆ ಪದ ಸಲ್ಲುತ್ತದೆ.

ರಾಜ್ಯಭಾರ, ಯುದ್ಧ, ವ್ಯಾಪಾರ, ರಾಜತಾಂತ್ರಿಕತೆಗಳನ್ನು ವಿಷಯವಾಗಿ ಉಳ್ಳ ತಂತ್ರಗಾರಿಕೆಯ ಆಟಗಳಲ್ಲಿ ಈ ಪದ್ಧತಿ ಆಳವಾಗಿ ಬೇರೂರಿದೆ. ಕೆಲವು ಆಟಗಳ ಎಲ್ಲ ವಿಸ್ತರಣೆಗಳನ್ನೂ ಪೂರ್ಣ ಬೆಲೆಗೆ ಕೊಂಡರೆ ಅದು ಮೂಲ ಆಟದ ಬೆಲೆಯ ಹಲವು ಪಟ್ಟಾಗುತ್ತದೆ. ಆದ್ದರಿಂದ ಕೊಟ್ಟ ಹಣಕ್ಕೆ ದೊರೆಯುವುದೇನು, ಕೊಡದವನು ಕಳೆದುಕೊಳ್ಳುವುದೇನು ಎಂಬುದು ಆಟಗಾರರಲ್ಲಿ ನಿರಂತರ ಚರ್ಚೆಯ ವಿಷಯವಾಗಿದೆ.

ತಂತ್ರಗಾರಿಕೆಯ ಆಟಗಳಲ್ಲಿ ಏಕೆ?

ಕಥೆಯನ್ನು ಆಧರಿಸಿದ ಆಟವೊಂದು ಕಾದಂಬರಿಯಂತೆ ಒಂದು ಹಂತದಲ್ಲಿ ಮುಗಿಯುತ್ತದೆ. ತಂತ್ರಗಾರಿಕೆಯ ಆಟ ಚದುರಂಗದಂತೆ. ಒಂದು ಪಂದ್ಯ ಮುಗಿದರೂ ಆಟ ಮುಗಿಯುವುದಿಲ್ಲ. ಚದುರಂಗದ ಮಣೆಗೆ ಹೊಸದೊಂದು ಕಾಯಿಯನ್ನು ಸೇರಿಸಿದರೆ ಮುಂದಿನ ಎಲ್ಲ ಪಂದ್ಯಗಳ ಸ್ವರೂಪವೂ ಬದಲಾಗುವಂತೆ, ಇಲ್ಲಿ ಒಂದು ಹೊಸ ನಿಯಮವು ಹಳೆಯ ನಿಯಮಗಳೆಲ್ಲದರ ಜೊತೆ ಬೆರೆತು ನೂರಾರು ಗಂಟೆಗಳ ಹೊಸ ಆಟಕ್ಕೆ ದಾರಿ ಮಾಡಿಕೊಡುತ್ತದೆ. ವಿಸ್ತರಣೆಯ ನಿಜವಾದ ಮೌಲ್ಯ ಇರುವುದು ಇಲ್ಲಿ. ತೊಡಕು ಹುಟ್ಟುವುದೂ ಇಲ್ಲಿಯೇ. ಹಣ ಕೊಟ್ಟು ಹೊಸ ಕಾಯಿ ತಂದವನಿಗೂ ತರದವನಿಗೂ ಆಟ ಒಂದೇ ಆಗಿ ಉಳಿಯುವುದಿಲ್ಲ.

ಇತಿಹಾಸ

೧೯೯೦ರ ದಶಕದಲ್ಲಿ ಆಟಗಳು ಸಿಡಿಗಳ ರೂಪದಲ್ಲಿ, ರಟ್ಟಿನ ಪೆಟ್ಟಿಗೆಗಳಲ್ಲಿ ಅಂಗಡಿಗಳಲ್ಲಿ ಮಾರಾಟವಾಗುತ್ತಿದ್ದವು. ಮುದ್ರಣ, ಸಾಗಣೆ, ಅಂಗಡಿಯವರ ಪಾಲು ಇವೆಲ್ಲ ಸೇರಿ ಸಣ್ಣ ಸಾಮಗ್ರಿಯನ್ನು ಬಿಡಿಯಾಗಿ ಮಾರುವುದು ಲಾಭದಾಯಕವಾಗಿರಲಿಲ್ಲ. ಹಾಗಾಗಿ ಆಟವೊಂದಕ್ಕೆ ಒಂದೋ ಎರಡೋ ದೊಡ್ಡ ವಿಸ್ತರಣೆಗಳು ಬರುತ್ತಿದ್ದವು. ಬ್ಲಿಝಾರ್ಡ್ ಸಂಸ್ಥೆಯ ಸ್ಟಾರ್‌ಕ್ರಾಫ್ಟ್ ೧೯೯೮ರಲ್ಲಿ ಬಂದು, ಅದೇ ವರ್ಷ ಬ್ರೂಡ್ ವಾರ್ ಎಂಬ ವಿಸ್ತರಣೆಯೂ ಬಂದಿತು. ದಕ್ಷಿಣ ಕೊರಿಯಾದಲ್ಲಿ ವೃತ್ತಿಪರ ಸ್ಪರ್ಧೆಯಾಗಿ ಬೆಳೆದದ್ದು ಮೂಲ ಆಟಕ್ಕಿಂತ ಹೆಚ್ಚಾಗಿ ಈ ವಿಸ್ತರಣೆಯೇ. ೧೯೯೯ರ ಏಜ್ ಆಫ್ ಎಂಪೈರ್ಸ್ ೨ಕ್ಕೆ ೨೦೦೦ದಲ್ಲಿ ದಿ ಕಾಂಕರರ್ಸ್, ೨೦೦೨ರ ವಾರ್‌ಕ್ರಾಫ್ಟ್ ೩ಕ್ಕೆ ೨೦೦೩ರಲ್ಲಿ ದಿ ಫ್ರೋಜನ್ ಥ್ರೋನ್ ಬಂದವು.

ವಾಲ್ವ್ ಸಂಸ್ಥೆಯು ೨೦೦೩ರಲ್ಲಿ ಆರಂಭಿಸಿದ ಸ್ಟೀಮ್ ಎಂಬ ಅಂತರ್ಜಾಲ ಮಳಿಗೆಯು ಬೆಳೆದಂತೆ ಈ ಲೆಕ್ಕಾಚಾರ ಬದಲಾಯಿತು. ಸಾಗಣೆಯ ವೆಚ್ಚವಿಲ್ಲದ ಕಾರಣ ಎಷ್ಟು ಚಿಕ್ಕದನ್ನು ಬೇಕಾದರೂ, ಎಷ್ಟು ಸಲ ಬೇಕಾದರೂ ಮಾರಬಹುದಾಯಿತು. ವರ್ಷಕ್ಕೆ ಎರಡು ಮೂರು ಕಂತುಗಳಂತೆ ಹಲವು ವರ್ಷ ಒಂದೇ ಆಟವನ್ನು ಬೆಳೆಸುವ ಪದ್ಧತಿ ಹುಟ್ಟಿತು. ಇದನ್ನು ಅತ್ಯಂತ ವ್ಯವಸ್ಥಿತವಾಗಿ ರೂಢಿಗೆ ತಂದದ್ದು ಸ್ವೀಡನ್ನಿನ ಸ್ಟಾಕ್‌ಹೋಮ್ ನಗರದ ಪ್ಯಾರಡಾಕ್ಸ್ ಇಂಟರ್‌ಆಕ್ಟಿವ್ ಸಂಸ್ಥೆ.

ಯೂರೋಪಾ ಯೂನಿವರ್ಸಾಲಿಸ್ ೪: ಒಂದು ಉದಾಹರಣೆ

ಪ್ಯಾರಡಾಕ್ಸ್ ಸಂಸ್ಥೆಯ ಯೂರೋಪಾ ಯೂನಿವರ್ಸಾಲಿಸ್ ೪ ಆಗಸ್ಟ್ ೨೦೧೩ರಲ್ಲಿ ಬಿಡುಗಡೆಯಾಯಿತು. ೧೪೪೪ರ ನವೆಂಬರ್ ೧೧ರಿಂದ ೧೮೨೧ರವರೆಗಿನ ಜಗತ್ತಿನಲ್ಲಿ ಯಾವುದಾದರೊಂದು ರಾಜ್ಯವನ್ನು ಆರಿಸಿಕೊಂಡು ನಡೆಸುವುದು ಇದರ ಸ್ವರೂಪ. ೨೦೧೪ರ ಜನವರಿಯ ಕಾಂಕ್ವೆಸ್ಟ್ ಆಫ್ ಪ್ಯಾರಡೈಸ್‌ನಿಂದ ೨೦೨೪ರ ವಿಂಡ್ಸ್ ಆಫ್ ಚೇಂಜ್‌ವರೆಗೆ ಇದಕ್ಕೆ ಇಪ್ಪತ್ತಕ್ಕೂ ಹೆಚ್ಚು ವಿಸ್ತರಣೆಗಳು ಬಂದಿವೆ. ದೊಡ್ಡ ವಿಸ್ತರಣೆಯ ಬೆಲೆ ಹಲವು ಸಂದರ್ಭಗಳಲ್ಲಿ ೧೯.೯೯ ಡಾಲರ್, ಒಂದು ಪ್ರದೇಶಕ್ಕೆ ಸೀಮಿತವಾದ ಚಿಕ್ಕ ವಿಸ್ತರಣೆಯದು ೯.೯೯ ಡಾಲರ್ ಇತ್ತು.

ಪ್ರತಿ ವಿಸ್ತರಣೆಯ ಜೊತೆಗೆ ಒಂದು ಉಚಿತ ಪರಿಷ್ಕರಣೆಯೂ ಬರುತ್ತಿತ್ತು. ಹೊಸದರಲ್ಲಿ ಒಂದು ಪಾಲು ಎಲ್ಲರಿಗೂ ಉಚಿತ, ಉಳಿದ ಪಾಲು ಹಣ ಕೊಟ್ಟವರಿಗೆ. ೨೦೧೮ರ ಸೆಪ್ಟೆಂಬರಿನಲ್ಲಿ ಬಂದ ಧರ್ಮ ಎಂಬ ವಿಸ್ತರಣೆ ಕನ್ನಡ ಓದುಗರಿಗೆ ಸಹಜವಾಗಿ ಕುತೂಹಲ ಹುಟ್ಟಿಸುವಂಥದ್ದು, ಏಕೆಂದರೆ ಅದರ ವಿಷಯ ಭಾರತ. ಆಗಿನ ಪರಿಷ್ಕರಣೆಯಲ್ಲಿ ಭಾರತದ ಭೂಪಟವನ್ನು ಇನ್ನಷ್ಟು ಸೂಕ್ಷ್ಮವಾಗಿ ಹೊಸದಾಗಿ ಬರೆಯಲಾಯಿತು; ಇದು ಎಲ್ಲರಿಗೂ ಉಚಿತವಾಗಿ ದೊರೆಯಿತು. ಭಾರತದ ರಾಜ್ಯಗಳಿಗೆಂದು ರೂಪಿಸಿದ ವಿಶೇಷ ಗುರಿಗಳು, ವ್ಯಾಪಾರ ಕಂಪನಿಗಳಲ್ಲಿ ಬಂಡವಾಳ ಹೂಡುವ ಅವಕಾಶ ಮೊದಲಾದವು ೧೯.೯೯ ಡಾಲರ್ ಕೊಟ್ಟವರಿಗೆ ಮಾತ್ರ. ಆಟ ಆರಂಭವಾಗುವ ೧೪೪೪ರಲ್ಲಿ ವಿಜಯನಗರದ ಸಿಂಹಾಸನದಲ್ಲಿದ್ದವನು ಇತಿಹಾಸದ ಪ್ರಕಾರ ಪ್ರೌಢದೇವರಾಯನೆಂದು ಖ್ಯಾತನಾದ ಎರಡನೆಯ ದೇವರಾಯ. ಉತ್ತರಕ್ಕೆ ಬೀದರಿನ ಬಹಮನಿ ಸುಲ್ತಾನರು. ಈ ಎರಡೂ ರಾಜ್ಯಗಳನ್ನು ಆಡಲು ಧರ್ಮ ವಿಸ್ತರಣೆಯ ಅಗತ್ಯವಿಲ್ಲ. ಅದಿಲ್ಲದಿದ್ದರೆ ವಿಜಯನಗರಕ್ಕೆ ತನ್ನದೇ ಆದ ಚಾರಿತ್ರಿಕ ಗುರಿಗಳಿರುವುದಿಲ್ಲ, ಅಷ್ಟೆ. ಅಂದಹಾಗೆ ಆಟವು ಅಧಿಕೃತವಾಗಿ ಇಂಗ್ಲಿಷ್, ಫ್ರೆಂಚ್, ಜರ್ಮನ್, ಸ್ಪ್ಯಾನಿಷ್ ಭಾಷೆಗಳಲ್ಲಷ್ಟೇ ಇದೆ. ವಿಜಯನಗರವನ್ನು ಆಳುವವನೂ ಇವುಗಳಲ್ಲೊಂದರಲ್ಲೇ ಆಳಬೇಕು.

ಇಂತಹ ಹಂಚಿಕೆಯಲ್ಲಿ ಆಕ್ಷೇಪಿಸಲು ಹೆಚ್ಚೇನಿಲ್ಲ. ಕಷ್ಟವಾದದ್ದು ೨೦೧೫ರ ಕಾಮನ್ ಸೆನ್ಸ್ ಎಂಬ ವಿಸ್ತರಣೆಯ ವಿಚಾರದಲ್ಲಿ. ರಾಜನ ಆಡಳಿತ ಸಾಮರ್ಥ್ಯವನ್ನು ವ್ಯಯಿಸಿ ಪ್ರಾಂತವೊಂದನ್ನು ಅಭಿವೃದ್ಧಿಪಡಿಸುವ ಅವಕಾಶ ಅದರಲ್ಲಿತ್ತು. ಬಂದಾಗ ಅದೊಂದು ಹೆಚ್ಚುವರಿ ಸೌಕರ್ಯದಂತೆ ಕಂಡಿತು. ಆದರೆ ೨೦೧೬ರ ಅಕ್ಟೋಬರಿನಲ್ಲಿ ರೈಟ್ಸ್ ಆಫ್ ಮ್ಯಾನ್ ಜೊತೆಗೆ ಬಂದ ಉಚಿತ ಪರಿಷ್ಕರಣೆಯು ನವೋದಯ, ಮುದ್ರಣಕಲೆ ಮುಂತಾದ ಸಂಸ್ಥೆಗಳು ಒಂದೆಡೆ ಹುಟ್ಟಿ ಜಗತ್ತಿನಲ್ಲಿ ನಿಧಾನವಾಗಿ ಹರಡುವ ಹೊಸ ನಿಯಮವನ್ನು ತಂದಿತು. ಅವು ತಲುಪದ ರಾಜ್ಯವು ತಂತ್ರಜ್ಞಾನಕ್ಕೆ ಹೆಚ್ಚು ಬೆಲೆ ತೆರಬೇಕಾಗಿತ್ತು. ಯೂರೋಪಿನಿಂದ ದೂರವಿರುವ ರಾಜ್ಯವು ತನ್ನ ಒಂದು ಪ್ರಾಂತವನ್ನು ಸಾಕಷ್ಟು ಅಭಿವೃದ್ಧಿಪಡಿಸಿದರೆ ಆ ಸಂಸ್ಥೆ ಅಲ್ಲಿಯೇ ಮೊಳೆಯುತ್ತಿತ್ತು. ಕಾಮನ್ ಸೆನ್ಸ್ ಕೊಳ್ಳದ ಆಟಗಾರನಿಗೆ ಈ ದಾರಿಯೇ ಮುಚ್ಚಿತ್ತು. ಅಂದರೆ ಉಚಿತವಾಗಿ ಕೊಟ್ಟ ನಿಯಮವೊಂದು ಹಿಂದೆ ಐಚ್ಛಿಕವಾಗಿದ್ದ ವಿಸ್ತರಣೆಯನ್ನು ಅನಿವಾರ್ಯವಾಗಿಸಿತು. ಇದರ ಭಾರ ಹೆಚ್ಚಾಗಿ ಬಿದ್ದದ್ದು ಭಾರತ, ಚೀನಾ, ಆಫ್ರಿಕಾಗಳ ರಾಜ್ಯಗಳನ್ನು ಆಡುವವರ ಮೇಲೆ. ಕಾಮನ್ ಸೆನ್ಸ್ ಸೇರಿದಂತೆ ಕೆಲವು ಹಳೆಯ ವಿಸ್ತರಣೆಗಳನ್ನು ಸಂಸ್ಥೆಯು ಬಹುಕಾಲದ ನಂತರ ಮೂಲ ಆಟದೊಳಗೇ ಸೇರಿಸಿತು. ಟೀಕೆಯಲ್ಲಿ ಹುರುಳಿತ್ತೆಂಬುದನ್ನು ಇದು ಪರೋಕ್ಷವಾಗಿ ಒಪ್ಪಿದಂತಾಯಿತು.

೨೦೨೧ರ ಏಪ್ರಿಲಿನ ಲೆವಿಯಾಥನ್ ವಿಸ್ತರಣೆಯದು ಬೇರೆ ಬಗೆಯ ವೈಫಲ್ಯ. ಬಾರ್ಸಿಲೋನಾದ ಪ್ಯಾರಡಾಕ್ಸ್ ಟಿಂಟೊ ತಂಡ ಸಿದ್ಧಪಡಿಸಿದ ಇದು ದೋಷಗಳಿಂದ ತುಂಬಿತ್ತು. ಸ್ಟೀಮ್ ಬಳಕೆದಾರರ ವಿಮರ್ಶೆಗಳಲ್ಲಿ ಅತ್ಯಂತ ಕೆಳಗಿನ ಸ್ಥಾನಕ್ಕೆ ಇಳಿದುದಾಗಿ ಪತ್ರಿಕೆಗಳು ವರದಿ ಮಾಡಿದವು. ತಂಡದ ಮುಖ್ಯಸ್ಥ ಯೋಹಾನ್ ಆಂಡರ್ಸನ್ ಬಹಿರಂಗವಾಗಿ ಕ್ಷಮೆ ಯಾಚಿಸಿದರು. ಜೊತೆಗೆ ಬಂದ ಪರಿಷ್ಕರಣೆ ಎಲ್ಲರ ಆಟಕ್ಕೂ ಅನ್ವಯಿಸುತ್ತಿದ್ದುದರಿಂದ ವಿಸ್ತರಣೆ ಕೊಳ್ಳದವರೂ ತೊಂದರೆಗೊಳಗಾದರು.

ಹೊಸಬರ ಸಮಸ್ಯೆ ಮತ್ತು ಚಂದಾ ಪದ್ಧತಿ

೨೦೧೩ರಿಂದಲೇ ಆಡುತ್ತಿದ್ದವನು ವರ್ಷಕ್ಕೆ ಒಂದೆರಡು ವಿಸ್ತರಣೆ ಕೊಳ್ಳುತ್ತಾ ಬಂದಿರುತ್ತಾನೆ. ಅವನಿಗೆ ಹೊರೆ ಅಷ್ಟಾಗಿ ತಿಳಿಯುವುದಿಲ್ಲ. ಹತ್ತು ವರ್ಷಗಳ ನಂತರ ಬಂದ ವಿದ್ಯಾರ್ಥಿಯ ಕಣ್ಣೆದುರು ಆ ಪಟ್ಟಿಯೆಲ್ಲ ಒಮ್ಮೆಗೇ ನಿಲ್ಲುತ್ತದೆ. ಯಾವುದು ಅಗತ್ಯ, ಯಾವುದು ಅಲ್ಲ ಎಂದು ತಿಳಿಯಬೇಕಾದರೆ ಆಟ ಗೊತ್ತಿರಬೇಕು. ಆಟ ಗೊತ್ತಾಗಬೇಕಾದರೆ ಆಡಿರಬೇಕು. ಒಂದೇ ಬೆಲೆಯ ವಿಸ್ತರಣೆ ಇಬ್ಬರಿಗೂ ಒಂದೇ ಬೆಲೆಯದಲ್ಲ ಎನ್ನುವುದು ಇದೇ ಕಾರಣಕ್ಕೆ.

ಇದಕ್ಕೆ ಪರಿಹಾರವಾಗಿ ೨೦೨೧ರ ಮಾರ್ಚ್‌ನಲ್ಲಿ ತಿಂಗಳಿಗೆ ೪.೯೯ ಡಾಲರ್ ಚಂದಾ ಕೊಟ್ಟು ಎಲ್ಲ ವಿಸ್ತರಣೆಗಳನ್ನೂ ಬಳಸುವ ವ್ಯವಸ್ಥೆ ಬಂದಿತು. ಒಂದು ದೊಡ್ಡ ವಿಸ್ತರಣೆಯ ಬೆಲೆಗೆ ಹೆಚ್ಚು ಕಡಿಮೆ ನಾಲ್ಕು ತಿಂಗಳ ಚಂದಾ ಆಗುತ್ತದೆ. ಬೇಸಿಗೆ ರಜೆಯಲ್ಲಿ ಎರಡು ತಿಂಗಳು ಆಡಿ ಬಿಡುವವನಿಗೆ ಇದು ಅಗ್ಗ. ವರ್ಷವಿಡೀ ಆಡುವವನಿಗೆ ವರ್ಷಕ್ಕೆ ಅರವತ್ತು ಡಾಲರಿನಷ್ಟಾಗುತ್ತದೆ, ಚಂದಾ ನಿಲ್ಲಿಸಿದ ದಿನ ಕೈಯಲ್ಲಿ ಏನೂ ಉಳಿಯುವುದಿಲ್ಲ. ಅದೇ ಸಂಸ್ಥೆಯ ಕ್ರುಸೇಡರ್ ಕಿಂಗ್ಸ್ ೨ (೨೦೧೨) ಆಟದಲ್ಲಿ ಇನ್ನೊಂದು ಮಾರ್ಗ ಹಿಡಿಯಲಾಯಿತು: ೨೦೧೯ರ ಅಕ್ಟೋಬರಿನಲ್ಲಿ ಮೂಲ ಆಟವನ್ನೇ ಉಚಿತಗೊಳಿಸಿ, ವಿಸ್ತರಣೆಗಳಿಗೆ ಮಾತ್ರ ಬೆಲೆ ಉಳಿಸಿಕೊಳ್ಳಲಾಯಿತು.

ಹಲವರು ಕೂಡಿ ಆಡುವಾಗ ಪ್ಯಾರಡಾಕ್ಸ್ ಆಟಗಳಲ್ಲಿ ಒಂದು ಔದಾರ್ಯವಿದೆ. ಪಂದ್ಯವನ್ನು ಏರ್ಪಡಿಸುವವನ ಬಳಿ ಇರುವ ವಿಸ್ತರಣೆಗಳು ಆ ಪಂದ್ಯದ ಮಟ್ಟಿಗೆ ಎಲ್ಲರಿಗೂ ದೊರೆಯುತ್ತವೆ. ಗೆಳೆಯರ ಗುಂಪಿನಲ್ಲಿ ಒಬ್ಬ ಕೊಂಡರೆ ಸಾಕು.

ಇತರ ಮಾದರಿಗಳು

ಸಿವಿಲೈಸೇಶನ್ ಸರಣಿಯು ಹಳೆಯ ಪದ್ಧತಿಗೆ ಹತ್ತಿರವಾಗಿ, ಕಡಿಮೆ ಸಂಖ್ಯೆಯ ದೊಡ್ಡ ವಿಸ್ತರಣೆಗಳನ್ನು ಹೊರತಂದಿದೆ. ೨೦೧೬ರ ಸಿವಿಲೈಸೇಶನ್ ೬ಕ್ಕೆ ೨೦೧೮ರಲ್ಲಿ ರೈಸ್ ಆ್ಯಂಡ್ ಫಾಲ್ (೨೯.೯೯ ಡಾಲರ್), ೨೦೧೯ರಲ್ಲಿ ಗ್ಯಾದರಿಂಗ್ ಸ್ಟಾರ್ಮ್ (೩೯.೯೯ ಡಾಲರ್) ಬಂದವು. ಮೂಲ ಆಟದಲ್ಲಿ ಭಾರತದ ನಾಯಕ ಗಾಂಧೀಜಿ. ಚಂದ್ರಗುಪ್ತ ಮೌರ್ಯ ಬಂದದ್ದು ಮೊದಲ ವಿಸ್ತರಣೆಯಲ್ಲಿ. ಎರಡನೆಯದನ್ನು ಕೊಂಡವರಿಗೆ ಮೊದಲನೆಯದರ ನಿಯಮಗಳೂ ಸಿಗುತ್ತಿದ್ದವು. ಸಿಗದೆ ಉಳಿದದ್ದು ಅದರ ನಾಗರಿಕತೆಗಳು ಮತ್ತು ನಾಯಕರು. ನಿಯಮಗಳನ್ನು ಎಲ್ಲರಿಗೂ ಸಮಾನವಾಗಿಟ್ಟು ಪಾತ್ರಗಳನ್ನಷ್ಟೇ ಮಾರುವ ಈ ಕ್ರಮ ಕಾಮನ್ ಸೆನ್ಸ್ ಮಾದರಿಗಿಂತ ನ್ಯಾಯಸಮ್ಮತವಾದುದು.

ಏಜ್ ಆಫ್ ಎಂಪೈರ್ಸ್ ೨ರ ಪರಿಷ್ಕೃತ ಆವೃತ್ತಿಗೆ (೨೦೧೯) ೨೦೨೨ರ ಏಪ್ರಿಲಿನಲ್ಲಿ ಡೈನಾಸ್ಟೀಸ್ ಆಫ್ ಇಂಡಿಯಾ ಎಂಬ ವಿಸ್ತರಣೆ ೯.೯೯ ಡಾಲರಿಗೆ ಬಂದಿತು. ಅಲ್ಲಿಯವರೆಗೆ ಭಾರತೀಯರು ಎಂಬ ಒಂದೇ ಹೆಸರಿನಡಿ ಇದ್ದ ನಾಗರಿಕತೆಯನ್ನು ಹಿಂದೂಸ್ತಾನಿಗಳು ಎಂದು ಬದಲಿಸಿ, ದ್ರಾವಿಡರು, ಬಂಗಾಳಿಗಳು, ಗುರ್ಜರರು ಎಂಬ ಮೂರು ಹೊಸ ನಾಗರಿಕತೆಗಳನ್ನು ಸೇರಿಸಲಾಯಿತು. ರಾಜೇಂದ್ರ ಚೋಳನ ದಂಡಯಾತ್ರೆಗಳ ಕಥಾಪ್ರಸಂಗವೂ ಇದರಲ್ಲಿದೆ. ಇದನ್ನು ಕೊಳ್ಳದವರೂ ಕೊಂಡವರೊಡನೆ ಸ್ಪರ್ಧಿಸಬಹುದು.

ಟೋಟಲ್ ವಾರ್: ವಾರ್‌ಹ್ಯಾಮರ್ ಸರಣಿಯಲ್ಲಿ ಕೊಳ್ಳದ ಪಡೆಗಳೂ ಭೂಪಟದಲ್ಲಿ ಶತ್ರುಗಳಾಗಿ ಕಾಣಿಸಿಕೊಳ್ಳುತ್ತವೆ. ಅವುಗಳೊಡನೆ ಹೋರಾಡಬಹುದು, ಅವುಗಳನ್ನು ನಡೆಸಲು ಮಾತ್ರ ಹಣ ಕೊಡಬೇಕು. ಇದು ಜಾಹೀರಾತೂ ಹೌದು, ಸೌಜನ್ಯವೂ ಹೌದು. ೨೦೨೩ರ ಆಗಸ್ಟ್‌ನಲ್ಲಿ ಬಂದ ಶಾಡೋಸ್ ಆಫ್ ಚೇಂಜ್‌ಗೆ ೨೪.೯೯ ಡಾಲರ್ ನಿಗದಿಯಾದಾಗ, ಹಿಂದಿನವುಗಳಿಗಿಂತ ಬೆಲೆ ಬಹಳ ಏರಿ ಸಾಮಗ್ರಿ ಅದಕ್ಕೆ ತಕ್ಕಂತೆ ಏರಿಲ್ಲವೆಂಬ ತೀವ್ರ ಪ್ರತಿಭಟನೆ ನಡೆಯಿತು. ತಯಾರಕರಾದ ಇಂಗ್ಲೆಂಡಿನ ಕ್ರಿಯೇಟಿವ್ ಅಸೆಂಬ್ಲಿ ಸಂಸ್ಥೆಯವರು ಕ್ಷಮೆ ಕೋರಿ, ೨೦೨೪ರ ಫೆಬ್ರವರಿಯಲ್ಲಿ ಅದೇ ವಿಸ್ತರಣೆಗೆ ಇನ್ನಷ್ಟು ಸಾಮಗ್ರಿಯನ್ನು ಹೆಚ್ಚಿನ ಹಣವಿಲ್ಲದೆ ಸೇರಿಸಿದರು.

ಪ್ಯಾರಡಾಕ್ಸ್ ಕೂಡ ಇಂತಹ ಒತ್ತಡಕ್ಕೆ ಮಣಿದದ್ದುಂಟು. ೨೦೧೭ರಲ್ಲಿ ಹಲವು ದೇಶಗಳಲ್ಲಿ ಅದು ಬೆಲೆ ಏರಿಸಿದಾಗ ಆಟಗಾರರು ಸ್ಟೀಮ್‌ನಲ್ಲಿ ಸಾಮೂಹಿಕವಾಗಿ ಪ್ರತಿಕೂಲ ವಿಮರ್ಶೆ ಬರೆದರು. ಏರಿಕೆಯನ್ನು ಹಿಂತೆಗೆದುಕೊಳ್ಳುವುದಾಗಿ ಆಗಿನ ಮುಖ್ಯಸ್ಥ ಫ್ರೆಡ್ರಿಕ್ ವೆಸ್ಟರ್ ಪ್ರಕಟಿಸಿದರು.

ಮೌಲ್ಯದ ಲೆಕ್ಕ

ಬೆಲೆಯನ್ನು ಆಡಿದ ಗಂಟೆಗಳಿಂದ ಭಾಗಿಸಿ, ಸಿನಿಮಾ ಟಿಕೆಟ್ಟಿಗಿಂತ ಇದು ಅಗ್ಗ ಎನ್ನುವ ವಾದ ಆಗಾಗ ಕೇಳಿಬರುತ್ತದೆ. ಈ ಲೆಕ್ಕದಲ್ಲಿ ಒಂದು ದೋಷವಿದೆ. ವಿಸ್ತರಣೆ ಕೊಂಡ ನಂತರದ ನೂರು ಗಂಟೆಗಳೂ ವಿಸ್ತರಣೆಯ ಫಲವಲ್ಲ. ಬಹುಪಾಲು ಮೂಲ ಆಟದ್ದೇ. ಅದಿಲ್ಲದಿದ್ದರೆ ಆ ಆಟಗಾರ ಎಷ್ಟು ಗಂಟೆ ಆಡುತ್ತಿದ್ದನೋ ಅದನ್ನು ಕಳೆದು ನೋಡಬೇಕು. ಮಲೆಷ್ಯಾದ ರಾಜ್ಯಗಳನ್ನು ಎಂದೂ ಆಡದವನಿಗೆ ಆ ಪ್ರದೇಶದ ವಿಸ್ತರಣೆಯಿಂದ ಬರುವ ಗಂಟೆಗಳು ಸೊನ್ನೆಗೆ ಸಮೀಪ.

ಇನ್ನೊಂದು ಬದಿಯನ್ನೂ ಗಮನಿಸಬೇಕು. ಯೂರೋಪಾ ಯೂನಿವರ್ಸಾಲಿಸ್ ೪ ಹತ್ತು ವರ್ಷಕ್ಕೂ ಹೆಚ್ಚು ಕಾಲ ಪರಿಷ್ಕೃತಗೊಳ್ಳುತ್ತಲೇ ಇದ್ದುದು ವಿಸ್ತರಣೆಗಳ ಮಾರಾಟದ ಬಲದಿಂದ. ಒಂದು ರೂಪಾಯಿಯನ್ನೂ ಹೆಚ್ಚಿಗೆ ಕೊಡದವನಿಗೂ ೨೦೧೮ರಲ್ಲಿ ಭಾರತದ ಹೊಸ ಭೂಪಟ ದೊರೆಯಿತು. ಅದರ ವೆಚ್ಚ ಭರಿಸಿದವರು ಧರ್ಮ ವಿಸ್ತರಣೆಯನ್ನು ಕೊಂಡವರು.

ಭಾರತದಲ್ಲಿ ಖರೀದಿ

ಸ್ಟೀಮ್ ೨೦೧೫ರಿಂದ ಭಾರತದಲ್ಲಿ ರೂಪಾಯಿಯಲ್ಲಿ ಮಾರುತ್ತಿದೆ. ರೂಪಾಯಿ ಬೆಲೆಯನ್ನು ಪ್ರಕಾಶಕರೇ ನಿಗದಿಪಡಿಸುವುದರಿಂದ ಅದು ಡಾಲರ್ ಬೆಲೆಯ ನೇರ ಪರಿವರ್ತನೆಯಾಗಿರಬೇಕೆಂದಿಲ್ಲ. ಋತುಮಾನದ ರಿಯಾಯಿತಿ ಮಾರಾಟಗಳಲ್ಲಿ ಹಳೆಯ ವಿಸ್ತರಣೆಗಳ ಬೆಲೆ ಬಹಳ ಇಳಿಯುತ್ತದೆ. ಅವಸರವಿಲ್ಲದವರು ಅದುವರೆಗೆ ಕಾಯುತ್ತಾರೆ. ಕೊಂಡ ಹದಿನಾಲ್ಕು ದಿನಗಳೊಳಗೆ, ಖರೀದಿಯ ನಂತರ ಮೂಲ ಆಟವನ್ನು ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ವಿಸ್ತರಣೆಯ ಹಣವನ್ನು ಸಾಮಾನ್ಯವಾಗಿ ಹಿಂದಕ್ಕೆ ಪಡೆಯಬಹುದು. ಆದರೆ ಯೂರೋಪಾ ಯೂನಿವರ್ಸಾಲಿಸ್‌ನಂತಹ ಆಟದಲ್ಲಿ ಹೊಸ ನಿಯಮವೊಂದರ ಪರಿಣಾಮ ತಿಳಿಯಲು ಎರಡು ಗಂಟೆ ಸಾಲದು.

ಹೀಗೆ ಕೊಂಡದ್ದು ಕಾನೂನಿನ ದೃಷ್ಟಿಯಲ್ಲಿ ಬಳಕೆಯ ಪರವಾನಗಿಯೇ ಹೊರತು ಸ್ವತ್ತಲ್ಲ. ಹಳೆಯ ಸಿಡಿಯನ್ನು ಗೆಳೆಯನಿಗೆ ಕೊಡುವಂತೆ, ಮರುಮಾರಾಟ ಮಾಡುವಂತೆ ಇದನ್ನು ಮಾಡಲಾಗದು.

ಉಚಿತ ಪರ್ಯಾಯಗಳು

ಅಭಿಮಾನಿಗಳು ಸ್ವಇಚ್ಛೆಯಿಂದ ತಯಾರಿಸುವ ಮಾರ್ಪಾಡುಗಳು ಅಥವಾ ಮಾಡ್‌ಗಳು ಉಚಿತವಾಗಿ ದೊರೆಯುತ್ತವೆ. ಏಜ್ ಆಫ್ ಎಂಪೈರ್ಸ್ ೨ರ ದಿ ಫರ್ಗಾಟನ್ (೨೦೧೩) ಎಂಬ ಅಧಿಕೃತ ವಿಸ್ತರಣೆಯ ಮೂಲ ಅಭಿಮಾನಿಗಳ ಇಂತಹದೊಂದು ಮಾಡ್. ವಿಸ್ತರಣೆಗಳ ಗೊಡವೆಯೇ ಬೇಡವೆನ್ನುವವರಿಗೆ ಮುಕ್ತ ತಂತ್ರಾಂಶದ ಫ್ರೀಸಿವ್, ದಿ ಬ್ಯಾಟಲ್ ಫಾರ್ ವೆಸ್‌ನಾತ್, ಝೀರೋ ಎ.ಡಿ. ಮೊದಲಾದ ಆಟಗಳಿವೆ. ಝೀರೋ ಎ.ಡಿ.ಯಲ್ಲಿ ಮೌರ್ಯರನ್ನು ಆಡಲು ಏನನ್ನೂ ಕೊಳ್ಳಬೇಕಾಗಿಲ್ಲ.