ಕೊಂಡಿ ಎಲ್ಲಿದೆ? ದೇಹೂ ರೋಡಿನಲ್ಲಿ ಕುಳಿತು ಮದುವೆ ಸೀರೆ ಆರ್ಡರ್ ಮಾಡುವ ಮುನ್ನ

ವಿಡಿಯೋ ನೋಡೋಕೆ ಪುರಸೊತ್ತಿಲ್ಲದವರಿಗೆ, ಮೀಟಿಂಗ್ ಮಧ್ಯೆ ಕದ್ದು ಓದೋರಿಗೆ, ಎಂದಿನಂತೆ ಇದು ಬರಹರೂಪ. ಹೋದ ಸಲ ದೇಹೂ ರೋಡಿನ ಕಂಟೋನ್ಮೆಂಟ್ ಕತೆ ಹೇಳಿದ್ದೆ. 1954ರ ಡಿಸೆಂಬರ್ 25ರಂದು ಅಂಬೇಡ್ಕರ್ ಇಲ್ಲಿ ಬುದ್ಧನ ಮೂರ್ತಿ ಸ್ಥಾಪಿಸಿದ್ದರ ಬಗ್ಗೆ ಎರಡನೇ ಭಾಗ ಮಾಡ್ತೀನಿ ಅಂತಲೂ ಹೇಳಿದ್ದೆ. ಅದು ಮುಂದೆ ಹೋಗಿದೆ, ಕ್ಷಮಿಸಿ. ಕಾರಣ ನನ್ನ ಮದುವೆ.

ಇನ್ನು ಐದು ವಾರ ಇದೆ. ಹಿಂಜವಡಿಯ ಆಫೀಸಿನಲ್ಲಿ ಅದೇ ತಿಂಗಳು ರಿಲೀಸ್. ಅವ್ವನಿಗೆ ಮಂಡಿನೋವು, ಪ್ರಯಾಣ ಆಗೋದಿಲ್ಲ. ಅಪ್ಪನ ಕಣ್ಣು ಮಂಜಾಗಿದೆ. ಹೀಗಾಗಿ ನಮ್ಮಂಥೋರು ಏನು ಮಾಡ್ತೀವೋ ಅದನ್ನೇ ಮಾಡಿದೆ. ರಾತ್ರಿ ಹನ್ನೊಂದಕ್ಕೆ ಫೋನ್ ಹಿಡಿದು ‘ಇಳಕಲ್ ಬ್ರೈಡಲ್ ಸಿಲ್ಕ್’ ಅಂತ ಹುಡುಕಿದೆ. ದಾಳಿಂಬೆ ಕೆಂಪಿನದೊಂದು ಸಿಕ್ಕಿತು, ₹2,499. ಹನ್ನೊಂದು ದಿನ ಕಾರ್ಟಿನಲ್ಲೇ ಇಟ್ಟುಕೊಂಡಿದ್ದೆ, ಬಟನ್ ಒತ್ತೋಕೆ ಧೈರ್ಯ ಬರಲಿಲ್ಲ. ಲ್ಯಾಪ್‌ಟಾಪ್, ಫ್ರಿಜ್ಜು, ಮಂಚ ಎಲ್ಲ ಆನ್‌ಲೈನಿನಲ್ಲೇ ತಗೊಂಡವಳು ನಾನು. ಸೀರೆಗೆ ಮಾತ್ರ ಯಾಕೆ ಈ ಅಳುಕು?

ಒಂದು ಕಾರಣ ಬಸ್ತಾ. ಬೆಂಗಳೂರು, ಮೈಸೂರು ಕಡೆಯವರು ‘ಜವಳಿ ತೆಗೆಯೋದು’ ಅಂತೀರಿ. ಬಾಗಲಕೋಟೆಯಿಂದ ಸೊಲ್ಲಾಪುರದವರೆಗೆ, ಮರಾಠಿಯಲ್ಲೂ, ಅದು ಬಸ್ತಾ. ಫಾರಸಿಯಲ್ಲಿ ‘ಬಸ್ತಾ’ ಅಂದರೆ ಕಟ್ಟಿದ್ದು, ಗಂಟು. ಎರಡೂ ಮನೆಯವರು ಒಂದೇ ಅಂಗಡಿಯಲ್ಲಿ ಕೂತು, ಚಹಾ ಕುಡಿದು, ಮುಖ ನೋಡಿಕೊಂಡು ಅರಿವೆ ಆರಿಸಬೇಕು. ಯಾರ ಅತ್ತೆಗೆ ಯಾವ ಸೀರೆ, ಯಾರ ಮಾವನಿಗೆ ಯಾವ ಪಟಗ ಅನ್ನೋದೆಲ್ಲ ಅಲ್ಲೇ ತೀರ್ಮಾನ. ನಮ್ಮ ದೊಡ್ಡಮ್ಮನ ಮದುವೆ ಬಸ್ತಾದಲ್ಲೇ ಮುರಿಯೋದರಲ್ಲಿತ್ತಂತೆ, ಒಂದು ಟೋಪಿಗಾಗಿ! ಲೆಕ್ಕ ಬಹಳ ಸಲ ಉದ್ರಿ. ಸುಗ್ಗಿ ಬಂದ ಮೇಲೆ ತೀರಿಸೋದು. ಬಟ್ಟೆ ಬಣ್ಣ ಬಿಟ್ಟರೆ ಅಂಗಡಿಯವನನ್ನು ಬಜಾರಿನಲ್ಲೇ ನಿಲ್ಲಿಸಿ ಕೇಳಬಹುದಿತ್ತು. (ಉದ್ರಿ ಅಂದಾಗ ನೆನಪಾಯ್ತು. ನನ್ನ ಮನೆಯಿಂದ ಕೆಲವೇ ಕಿಲೋಮೀಟರ್ ದೂರದ ದೇಹೂವಿನ ತುಕಾರಾಮರದ್ದೂ ವ್ಯಾಪಾರದ ಮನೆತನ. ಬರಗಾಲದ ನಂತರ ತಮ್ಮ ಪಾಲಿನ ಸಾಲಪತ್ರಗಳನ್ನು ಇಂದ್ರಾಯಣಿಗೆ ಹಾಕಿಬಿಟ್ಟರು ಅಂತ ಐತಿಹ್ಯ. ಇವತ್ತಿನ ಆ್ಯಪ್‌ಗಳ ‘ಈಗ ಕೊಳ್ಳಿ, ಆಮೇಲೆ ಕೊಡಿ’ಯವರು ಕೇಳಿಸಿಕೊಳ್ಳಲಿ.)

ಹಾಗಂತ ನೋಡದೆ ಕೊಳ್ಳೋದು ನಮ್ಮ ಕಾಲದ್ದೇ ರೋಗ ಅನ್ನೋದೂ ತಪ್ಪು. ಅಂಚೆಯ ವಿ.ಪಿ.ಪಿ. ಈ ದೇಶಕ್ಕೆ ಬಂದದ್ದು 1877ರಲ್ಲಿ. ಪುಸ್ತಕ, ಔಷಧಿ, ಗಡಿಯಾರ, ಬಟ್ಟೆ, ಯಾವುದಕ್ಕಾದರೂ ಒಂದು ಕಾರ್ಡು ಬರೆದರೆ ಸಾಕು, ಪಾರ್ಸೆಲ್ ಬರ್ತಿತ್ತು. ಪೋಸ್ಟ್‌ಮ್ಯಾನ್ ಕೈಗೆ ದುಡ್ಡು ಕೊಟ್ಟ ಮೇಲೆಯೇ ಬಿಚ್ಚಬೇಕು. ಒಳಗೆ ಕಲ್ಲಿದ್ದರೂ ದುಡ್ಡು ಹೋದಂತೆಯೇ. ಕ್ಯಾಶ್ ಆನ್ ಡೆಲಿವರಿ ಅಂತ ನಾವು ಬೀಗುತ್ತೀವಲ್ಲ, ಅದರ ಮುತ್ತಜ್ಜಿ ಇದು.

ಇನ್ನು ಇಳಕಲ್ ಸೀರೆ. ಅದು ಇಂಟರ್‌ನೆಟ್ಟಿಗಿಂತ ಬಹಳ ಮೊದಲೇ ಪುಣೆಗೆ ಬಂದಿದೆ. ನನ್ನ ಮನೆ ಮಾಲಕಿ ಆಜಿ ಉಡೋದು ಒಂಬತ್ತು ಗಜದ ‘ಇರಕಲ್’. ಮರಾಠಿಯಲ್ಲಿ ನಮ್ಮ ಊರಿನ ಹೆಸರು ಹಾಗೆ. 400 ಕಿಲೋಮೀಟರಿಗೂ ಹೆಚ್ಚು ದೂರದ ಮಗ್ಗದ ಸೀರೆಯನ್ನು, ಆ ಊರನ್ನೇ ನೋಡದೆ, ಮೂರು ತಲೆಮಾರು ಉಟ್ಟಿದ್ದಾರೆ. ಹೇಗೆ ನಂಬಿದರು ಅಂತ ಕೇಳಿದೆ. ಆಜಿ ಸೆರಗು ತಿರುವಿ ಹಿಂಬದಿ ತೋರಿಸಿದರು, ಅಷ್ಟೇ.

ಆ ಸೆರಗಿನ ಬಗ್ಗೆ ಸ್ವಲ್ಪ ಹೇಳಬೇಕು. ಸಾಂಪ್ರದಾಯಿಕ ಇಳಕಲ್ಲಿನಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲು ಹತ್ತಿಯದಿರಬಹುದು, ರೇಷ್ಮೆಯದಿರಬಹುದು. ಸೆರಗು ಮತ್ತು ದಡಿಯ ಎಳೆಗಳು ರೇಷ್ಮೆ ಅಥವಾ ಆರ್ಟ್ ಸಿಲ್ಕ್, ಬಣ್ಣ ಸಾಮಾನ್ಯವಾಗಿ ಒಂದೇ. ನೇಯುವಾಗ ಒಡಲಿನ ಒಂದೊಂದು ಎಳೆಗೂ ಸೆರಗಿನ ಒಂದೊಂದು ಎಳೆಯನ್ನು ಕುಣಿಕೆಯಂತೆ ಹೆಣೆದು ಸೇರಿಸಬೇಕು. ಅದಕ್ಕೇ ಕೊಂಡಿ ಅನ್ನೋದು. ಸಾವಿರಾರು ಎಳೆ, ಸಾವಿರಾರು ಕೊಂಡಿ. ಆಮೇಲೆ ಬರೋದು ಟೋಪ ತೆನೆ ಸೆರಗು. ಕೆಂಪಿನ ಮೂರು ಪಟ್ಟೆ, ನಡುವೆ ಬಿಳಿಯ ಎರಡು, ಅದರಲ್ಲಿ ಹಣಿಗೆ, ಕೋಟೆಯ ತೆನೆ, ಜೋಳದ ತೆನೆಯ ವಿನ್ಯಾಸ. ಕೊಂಡಿ ಹಾಕುವುದರಿಂದ ಇಂಥ ಹಾಸನ್ನು ಒಂದು ಸೀರೆಗೆ ಒಂದರಂತೆಯೇ ಮಾಡಬೇಕು. ಹತ್ತು ಸೀರೆಯದನ್ನು ಒಟ್ಟಿಗೆ ಸುತ್ತಿಟ್ಟುಕೊಳ್ಳೋಕೆ ಆಗೋದಿಲ್ಲ. ಕುಣಿ ಮಗ್ಗದಲ್ಲಿ ಒಂದು ಸೀರೆಗೆ ಸುಮಾರು ಒಂದು ವಾರ. ₹2,499ರೊಳಗೆ ಈ ವಾರ ಎಲ್ಲಿ ಕೂತಿದೆ ಅಂತ ನಾನು ಹನ್ನೊಂದು ದಿನ ಯೋಚಿಸಬೇಕಾಗಿರಲಿಲ್ಲ, ನೋಡಿ. ಅದೂ ಮಗ್ಗದ ಸದ್ದಿನಲ್ಲಿ ಪರೀಕ್ಷೆಗೆ ಓದಿದವಳು.

ಹೌದು, ಅಪ್ಪ ನೇಕಾರ. ಮೂವತ್ತು ವರ್ಷ ನೇಯ್ದ. ನನ್ನ ಇಂಜಿನಿಯರಿಂಗ್ ಎರಡನೇ ವರ್ಷದ ಫೀಸಿನ ಹೊತ್ತಿಗೆ ಮಗ್ಗ ಮಾರಿದ. ಅದರ ಬಗ್ಗೆ ನಾವು ಮನೆಯಲ್ಲಿ ಮಾತಾಡೋದಿಲ್ಲ.

ಕೊನೆಗೂ ಆರ್ಡರ್ ಮಾಡಿದೆ. ಬಂತು. ವಿಡಿಯೋ ಕಾಲ್‌ನಲ್ಲಿ ಅವ್ವ “ಬಣ್ಣ ಚೊಲೊ ಐತಿ” ಅಂದಳು. ಅಪ್ಪನಿಗೆ ಬಣ್ಣ ಅಷ್ಟಾಗಿ ಕಾಣೋದಿಲ್ಲ.

“ಸೆರಗು ಸುರು ಆಗೋ ಕಡೆ ಬೆರಳಾಡ್ಸು ಯವ್ವಾ. ಏನರ ತಡೀತೈತೇನ?”

“ಇಲ್ಲಪ್ಪ, ನುಣ್ಣಗ ಐತಿ.”

“ತಿರುವಿ ನೋಡು. ಕೊಂಡಿ ಎಲ್ಲೈತಿ?”

ಕೊಂಡಿ ಇರಲಿಲ್ಲ. ಸೆರಗಿನ ತೆನೆ ಪ್ರಿಂಟು. ಒಂದು ಎಳೆ ಕಿತ್ತು ಸುಟ್ಟು ನೋಡಿದೆ. ಕೂದಲು ಸುಟ್ಟ ವಾಸನೆ ಬರಲಿಲ್ಲ, ಕರಗಿ ಗಟ್ಟಿ ಗುಂಡಾಯಿತು. ಪಾಲಿಯೆಸ್ಟರ್. ನಾನು ಬೈಯೋಕೆ ಶುರು ಮಾಡಿದೆ. ಅಪ್ಪ ಬೈಯಲಿಲ್ಲ. “ನಾವೂ ಚಮಕಾ ಹಾಕಿ ನೇಯ್ದೀವಿ. ಆದ್ರ ಚಮಕಾ ಅಂತ ಹೇಳಿ ಮಾರೀವಿ” ಅಂದ. ಚಮಕಾ ಅಂದರೆ ಆರ್ಟ್ ಸಿಲ್ಕ್.

ಬಡವರ ಮದುವೆಗೆ ಆರ್ಟ್ ಸಿಲ್ಕ್ ಸೀರೆ ಉಡಿಸಿದ್ದರಲ್ಲಿ ತಪ್ಪೇನೂ ಇಲ್ಲ. ಹೆಸರು ಸುಳ್ಳಾದಾಗ ತಕರಾರು. ಸರ್ಕಾರಗಳು ನಲವತ್ತು ವರ್ಷದಿಂದ ಇದೇ ಹೆಸರಿನ ಹಿಂದೆ ಓಡುತ್ತಿವೆ. 1985ರ ಕಾಯ್ದೆ ಕೈಮಗ್ಗಕ್ಕೆ ಅಂತ ಕೆಲವು ಬಗೆಯ ಬಟ್ಟೆ ಮೀಸಲಿಟ್ಟಿತು. ಮೊದಲು 22 ಇದ್ದದ್ದು ಆಮೇಲೆ 11ಕ್ಕೆ ಇಳಿಯಿತು. 2004ರಲ್ಲಿ ಸಿಲ್ಕ್ ಮಾರ್ಕ್, 2006ರಲ್ಲಿ ಹ್ಯಾಂಡ್‌ಲೂಮ್ ಮಾರ್ಕ್ ಬಂದವು. ಇಳಕಲ್ ಸೀರೆಗೆ ಜಿಐ ಕೂಡ ಇದೆ. ಚೀಟಿ ಒಳ್ಳೆಯದೇ, ಕೇಳಿ ನೋಡಿ. ಆದರೆ ನಾನು ತರಿಸಿದ ಸೀರೆಯ ಪುಟದಲ್ಲಿ ಯಾವ ಮಾರ್ಕೂ ಇರಲಿಲ್ಲ, ನಾನೂ ಹುಡುಕಿರಲಿಲ್ಲ. ಕೋಡ್ ರಿವ್ಯೂನಲ್ಲಿ ಅಲ್ಪವಿರಾಮ ಹಿಡಿಯೋಳು!

ಈ ಕೈ–ಯಂತ್ರದ ಜಗಳ ನಮ್ಮದೊಂದೇ ಅಲ್ಲ. 1840ರಲ್ಲಿ ವಿಕ್ಟೋರಿಯಾ ರಾಣಿ ಬಿಳಿ ಗೌನು ತೊಟ್ಟು ಮದುವೆಯಾದಳು. ಜಗತ್ತು ನೆನಪಿಟ್ಟದ್ದು ಬಿಳಿ ಬಣ್ಣವನ್ನು. ಅದರ ಮೇಲಿನ ಲೇಸು ಹಾನಿಟನ್ ಸೀಮೆಯ ಹೆಂಗಸರ ಕೈಕೆಲಸ. ಯಂತ್ರದ ಲೇಸಿನಿಂದ ಅವರ ಹೊಟ್ಟೆಗೆ ಕಲ್ಲು ಬಿದ್ದಿದ್ದ ಕಾಲ ಅದು.

ಸೀರೆ ವಾಪಸ್ ಮಾಡೋದು ಇನ್ನೊಂದು ಕತೆ. “ಪ್ಯಾಕೆಟ್ ತೆರೆದಿದೆ” ಅಂತ ಮೊದಲು ನಿರಾಕರಿಸಿದರು. ನಿಮಗೂ ಹೀಗಾದರೆ 2020ರ ಇ-ಕಾಮರ್ಸ್ ಗ್ರಾಹಕ ರಕ್ಷಣಾ ನಿಯಮಗಳನ್ನು ಹೆಸರಿಟ್ಟು ಬರೆಯಿರಿ. ಜಾಹೀರಾತಿನಲ್ಲಿ ಹೇಳಿದಂತಿಲ್ಲದ ಮಾಲನ್ನು ವಾಪಸ್ ಪಡೆಯೋದಿಲ್ಲ ಅನ್ನೋ ಹಾಗಿಲ್ಲ. ದೂರು ಅಧಿಕಾರಿ 48 ಗಂಟೆಯೊಳಗೆ ಸ್ವೀಕೃತಿ ಕೊಡಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ನನ್ನ ದುಡ್ಡು ಒಂಬತ್ತನೇ ದಿನಕ್ಕೆ ಬಂತು.

ಸೀರೆ ಮಾತ್ರ ಇನ್ನೂ ಇರಲಿಲ್ಲ. ಲಕ್ಷ್ಮೀ ರೋಡಿಗೆ ಹೋಗೋಣ, ಪೈಠಣಿ ತಗೊಳ್ಳೋಣ ಅಂತ ಅಕ್ಕಲಕೋಟೆಯಿಂದ ಆಗೋ ಅತ್ತೆಯ ಫೋನು. ಅವರು ಕನ್ನಡದವರೇ, ಮನಸ್ಸು ಪೈಠಣಿಯ ಮೇಲೆ. ನಾನು ಅಪ್ಪನನ್ನು ಕೇಳಿದೆ, ಅವ್ವನ ಮದುವೆ ಸೀರೆ ಯಾವ ಅಂಗಡಿಯದು? ಅಪ್ಪ ನಕ್ಕ. ಅಂಗಡಿಯದಲ್ಲ. ಮುತ್ತ್ಯಾ ಓಣಿಯ ನೇಕಾರನಿಗೆ ಬಾಯಿಮಾತಿನಲ್ಲಿ ಬಣ್ಣ ಹೇಳಿದ್ದನಂತೆ. ಹಾಸು ಹೂಡೋಕೆ ಮುಂಚೆ ಅರ್ಧ ದುಡ್ಡು. ಸೀರೆ ಹೇಗಿರುತ್ತೆ ಅಂತ ಯಾರೂ ನೋಡಿರಲಿಲ್ಲ, ಯಾಕಂದರೆ ಸೀರೆ ಇರಲೇ ಇಲ್ಲ. ಬಸ್ತಾದ ಗದ್ದಲವೆಲ್ಲ ಉಳಿದ ಅರಿವೆಗಳಿಗೆ. ವಧುವಿನದನ್ನು ಹೀಗೆ ನೋಡದೆಯೇ ಹೇಳಿ ಮಾಡಿಸಿದ್ದು. ಆದರೆ ನೇಕಾರ ಮದುವೆಯ ಊಟಕ್ಕೆ ಬರುವವನು. ಪಂಕ್ತಿಯಲ್ಲಿ ಎದುರಿಗೇ ಕೂರುವವನು.

ಅದು ಗೊತ್ತಾದ ಮೇಲೆ ಆನ್‌ಲೈನೋ ಅಂಗಡಿಯೋ ಅನ್ನೋ ನನ್ನ ಪ್ರಶ್ನೆಯೇ ಸಣ್ಣದಾಯಿತು. ಅದೇ ಓಣಿಯಲ್ಲಿ ಇನ್ನೂ ಕುಣಿ ಮಗ್ಗ ಇಟ್ಟುಕೊಂಡ ಕಾಕಾ ಒಬ್ಬರಿಗೆ ವಾಟ್ಸಾಪ್ ಮಾಡಿದೆ. ಒಡಲೂ ರೇಷ್ಮೆ, ಸೆರಗೂ ರೇಷ್ಮೆ. ರೇಟು ನಾನು ಕಾರ್ಟಿನಲ್ಲಿಟ್ಟಿದ್ದಕ್ಕಿಂತ ನಾಲ್ಕು ಪಟ್ಟಿಗೂ ಜಾಸ್ತಿ. ಚೌಕಾಸಿ ಮಾಡಲಿಲ್ಲ. ಯುಪಿಐನಲ್ಲಿ ಅರ್ಧ ಕಳಿಸಿದೆ. ಅತ್ತೆಗೆ ರಿಸೆಪ್ಷನ್ನಿನ ಪೈಠಣಿ ಒಪ್ಪಿಸಿದ್ದೇನೆ. ಅದಕ್ಕೆ ಬರೋ ಭಾನುವಾರ ಲೋಕಲ್ ಹಿಡಿದು ಶಿವಾಜಿನಗರ, ಅಲ್ಲಿಂದ ಲಕ್ಷ್ಮೀ ರೋಡು. ಆಜಿಯೂ ಬರ್ತೀನಿ ಅಂದಿದ್ದಾರೆ.

ಬಣ್ಣದ್ದೊಂದು ಸಮಸ್ಯೆ ಇತ್ತು. ನನ್ನ ಫೋನಿನ ಕೆಂಪೇ ಬೇರೆ, ಅವರ ಫೋನಿನ ಕೆಂಪೇ ಬೇರೆ. ನಾಲ್ಕು ಫೋಟೋ ಆದ ಮೇಲೆ ಕಾಕಾ ಫೋನ್ ಮಾಡಿದರು.

“ತಂಗಿ, ಯಾವ ಕೆಂಪು ಬಾಯಿಲೇ ಹೇಳು.”

“ನಮ್ಮ ಅವ್ವನ ಮದುವಿ ಸೀರಿದು.”

“ಹಂಗಂತ ಮೊದ್ಲ ಹೇಳಬಾರ್ದೇನ? ಅದನ್ನ ನೇಯ್ದಾಂವ ನಮ್ಮಪ್ಪ.”

ಈಗ ಹಾಸು ಏರಿದೆ. ನಿನ್ನೆ ಕೊಂಡಿ ಹಾಕೋ ವಿಡಿಯೋ ಕಳಿಸಿದ್ದಾರೆ, ನಲವತ್ತು ಸೆಕೆಂಡಿನದು. ಕೊನೆಯಲ್ಲಿ ಫ್ರೇಮಿನೊಳಗೆ ಇನ್ನೊಂದು ಕೈ ಬರುತ್ತೆ, ಎಳೆಗಳ ಮೇಲೆ ಮೆಲ್ಲಗೆ ಬೆರಳಾಡಿಸುತ್ತೆ. ಅಪ್ಪನದು. ಮಗ್ಗ ಮಾರಿದ ಮೇಲೆ ಅವನು ಆ ಓಣಿಗೆ ಹೋಗಿರಲಿಲ್ಲ. ಈಗ ದಿನಾ ಬೆಳಿಗ್ಗೆ ಚಹಾ ಕುಡಿದು ಹೋಗಿ ಕೂರ್ತಾನಂತೆ. ಸೀರೆ ಮುಂದಿನ ಗುರುವಾರ ಮಗ್ಗದಿಂದ ಇಳಿಯುತ್ತೆ. ಸಿಕ್ಕಿದರೆ ವಿಡಿಯೋದಲ್ಲಿ ಹಿಂಬದಿ ತೋರಿಸ್ತೀನಿ.